ಹೊನ್ನಮ್ಮ ಉಂಡಳೆಂದುಕೊಂಡ ದಿನಗಳು

ಕುಮಟೆಯಿಂದ ಸಂತೆಗುಳಿಯತ್ತ ಹೋಗುವ ರಸ್ತೆಯ ಎಡಕ್ಕೆ, ಗದ್ದೆಬಯಲಿನ ಅಂಚಿನಲ್ಲಿ, ಕೆಲವೇ ಮನೆಗಳ ಒಂದು ಕೊಪ್ಪವಿದೆ. ಅದರ ಕೊನೆಯ ಮನೆ ಹೊನ್ನಮ್ಮನದು. ಇಬ್ಬನಿ ಇನ್ನೂ ಬಯಲಿನಿಂದ ಏಳದ ಹೊತ್ತಿನಲ್ಲಿ ಅವಳು ಎದ್ದು ಒಲೆ ಹೊತ್ತಿಸುತ್ತಿದ್ದಳು. ಅಕ್ಕಿಯ ಡಬ್ಬದ ಮುಂದೆ ಕುಳಿತು ಕುಚಲಕ್ಕಿಯನ್ನು ಹಿಡಿಹಿಡಿಯಾಗಿ ತೆಗೆಯುವಾಗ ಅವಳ ತುಟಿ ತಾನಾಗಿ ಅಲುಗುತ್ತಿತ್ತು. ಇದು ಹರೀಶನಿಗೆ, ಇದು ವಿನುತಾಳಿಗೆ, ಇದು ಹೇಮಾಳಿಗೆ, ಇದು ಹೊತ್ತಲ್ಲದ ಹೊತ್ತಿನಲ್ಲಿ ಬರುವವರಿಗೆ. ಮದುವೆಯಾಗಿ ಬಂದ ಹೊಸತರಲ್ಲಿ ಅತ್ತೆ ಕಲಿಸಿಕೊಟ್ಟ ಅಳತೆ ಅದು. ಆಗ ಹೆಸರುಗಳು ಬೇರೆ ಇದ್ದವು, ಅಳತೆ ಇದೇ ಇತ್ತು. ಈ ಅಳತೆಯಲ್ಲಿ ಹೊನ್ನಮ್ಮನ ಹೆಸರಿನ ಹಿಡಿ ಎಂದೂ ಇರಲಿಲ್ಲ. ಎಲ್ಲರೂ ಉಂಡೆದ್ದ ಮೇಲೆ ಪಾತ್ರೆಯಲ್ಲಿ ಉಳಿದದ್ದು ಅವಳ ಪಾಲು. ಉಳಿಯದ ದಿನವಿರಲಿಲ್ಲವಾದ್ದರಿಂದ ಈ ಲೆಕ್ಕದಲ್ಲಿ ಏನೋ ಕೊರತೆಯಿದೆಯೆಂದು ಅವಳಿಗಾಗಲಿ ಮನೆಯವರಿಗಾಗಲಿ ಅನ್ನಿಸಿರಲೇ ಇಲ್ಲ.

ಮನೆಯವರಿಗೆ ಅದನ್ನೆಲ್ಲ ನೋಡಲು ಪುರಸೊತ್ತಾದರೂ ಎಲ್ಲಿತ್ತು? ಹರೀಶ ಅವಳ ಒಬ್ಬನೇ ಮಗ, ಸರಕಾರಿ ಬಸ್ಸಿನ ಡ್ರೈವರು. ಭಟ್ಕಳಕ್ಕೆ ಹೋಗುವ ಮೊದಲ ಬಸ್ಸು ಅವನ ಪಾಲಿಗೆ ಬಂದರೆ ನಸುಕಿನಲ್ಲೇ ಮನೆ ಬಿಡಬೇಕು. ಸೊಸೆ ವಿನುತಾ ಹೊನ್ನಾವರದ ಒಂದು ಆಸ್ಪತ್ರೆಯಲ್ಲಿ ನರ್ಸು, ಅವಳ ಪಾಳಿ ವಾರವಾರಕ್ಕೂ ಬದಲಾಗುತ್ತದೆ. ಮೊಮ್ಮಗಳು ಹೇಮಾಳಿಗೆ ಬೆಳಿಗ್ಗೆ ಕಾಲೇಜು, ಸಂಜೆ ಟ್ಯೂಶನ್ನು. ಒಬ್ಬರು ಕೈ ತೊಳೆಯುವಾಗ ಇನ್ನೊಬ್ಬರು ಚಪ್ಪಲಿ ಕಳಚುತ್ತಿರುತ್ತಾರೆ. ನಾಲ್ವರೂ ಒಟ್ಟಿಗೆ ಕುಳಿತು ಉಣ್ಣುವುದು ಹಬ್ಬಕ್ಕೆ ಮಾತ್ರ.

ದೀಪಾವಳಿ ಕಳೆದ ಮೇಲೆ ಹರೀಶನ ಕಣ್ಣು ಮಂಜಾಗತೊಡಗಿತು. ಪರೀಕ್ಷೆ ಮಾಡಿಸಿದರೆ ಸಕ್ಕರೆ ಮಿತಿಮೀರಿತ್ತು. ಡಾಕ್ಟರು ಮಾತ್ರೆ ಬರೆದುಕೊಟ್ಟು, ಊಟವನ್ನು ಬದಲಾಯಿಸದಿದ್ದರೆ ಸ್ಟೇರಿಂಗು ಬಿಡಬೇಕಾದೀತು ಎಂದು ಎಚ್ಚರಿಸಿದರು. ಮಗ ಮನೆಗೆ ಬಂದು ಇದನ್ನು ನಗುನಗುತ್ತಲೇ ಹೇಳಿದ. ಹೊನ್ನಮ್ಮ ನಗಲಿಲ್ಲ. ಅವಳ ಗಂಡ ಪಾಂಡುವಿಗೂ ಇದೇ ಕಾಯಿಲೆಯಿತ್ತು. ಗದ್ದೆಯಲ್ಲಿ ಕಾಲಿಗೆ ಚುಚ್ಚಿದ ಒಂದು ಸಣ್ಣ ಮುಳ್ಳಿನ ಗಾಯ ಮಾಯದೆ, ಮೊದಲು ಬೆರಳು, ಆಮೇಲೆ ಪಾದ, ಆಮೇಲೆ ಮನುಷ್ಯನೇ ಹೋಗಿಬಿಟ್ಟಿದ್ದ.

ಪೇಲಿಯೊ ಎಂಬ ಪಥ್ಯವನ್ನು ಮನೆಗೆ ತಂದವಳು ವಿನುತಾ. ಆಸ್ಪತ್ರೆಯ ಗೆಳತಿಯೊಬ್ಬಳು ಅದರಿಂದ ಹಗುರಾಗಿದ್ದಳು. ಡಾಕ್ಟರನ್ನು ಕೇಳಿ, ಮಾತ್ರೆಯ ಪ್ರಮಾಣವನ್ನು ನೋಡಿಕೊಳ್ಳುವುದೆಂದು ಮಾತಾಡಿಕೊಂಡೇ ಶುರುಮಾಡಿದಳು. ಅಕ್ಕಿ, ಗೋಧಿ, ಬೇಳೆ, ಸಕ್ಕರೆ, ಬೆಲ್ಲ, ಹಾಲು ಯಾವುದೂ ಇಲ್ಲ. ಮೀನು, ಮೊಟ್ಟೆ, ಕೋಳಿ, ಸೊಪ್ಪು, ತರಕಾರಿ, ತೆಂಗಿನಕಾಯಿ, ನಾಲ್ಕು ಗೇರುಬೀಜ ಇಷ್ಟೇ. ಒಬ್ಬನಿಗಾಗಿ ಬೇರೆ ಅಡುಗೆ ಮಾಡುತ್ತ ಕೂರಲು ಹೊತ್ತಿಲ್ಲದ ಮನೆ. ಹಾಗಾಗಿ ತಾನೂ ಅದನ್ನೇ ತಿನ್ನುವುದಾಗಿ ಅವಳು ಹೇಳಿದಳು. ಕಾಲೇಜಿನ ಥ್ರೋಬಾಲ್ ತಂಡದಲ್ಲಿದ್ದ ಹೇಮಾ ಎಲ್ಲರಿಗಿಂತ ಮೊದಲು ಒಪ್ಪಿದಳು. ಬೇಸಾಯ ಹುಟ್ಟುವುದಕ್ಕೆ ಮುಂಚಿನ ಮನುಷ್ಯರು ತಿನ್ನುತ್ತಿದ್ದದ್ದು ಇದನ್ನೇ ಎಂದು ಅಜ್ಜಿಗೆ ತಿಳಿಸಿ ಹೇಳಿದವಳೂ ಅವಳೇ.

"ಆಗ ಗದ್ದೆನೇ ಇರ್ಲಿಲ್ವಾ?" ಎಂದು ಹೊನ್ನಮ್ಮ ಕೇಳಿದಳು.

"ಇರ್ಲಿಲ್ಲ ಅಜ್ಜಿ. ಸಿಕ್ಕಿದ್ದು ಆಯ್ಕಂಡು ತಿನ್ನೂದು, ಮುಂದೆ ಹೋಗೂದು."

ಆ ಮಾತು ಹೊನ್ನಮ್ಮನ ಮನಸ್ಸಿನಲ್ಲಿ ಬಹಳ ದಿನ ಓಡಾಡಿಕೊಂಡಿತ್ತು. ಹಿತ್ತಲಿನ ಹರಿವೆ ಸೊಪ್ಪಿಗೆ ನೀರು ಹಾಕುವಾಗ ಆ ಜನರು ಅವಳ ಕಣ್ಣಿಗೆ ಕಟ್ಟುತ್ತಿದ್ದರು. ಒಮ್ಮೆ ಅಪ್ಸರಕೊಂಡಕ್ಕೆ ಹೋಗಿದ್ದಾಗ ಜಲಪಾತದ ಹತ್ತಿರ ಗುಹೆಗಳನ್ನು ನೋಡಿದ್ದಳು. ಅವರು ಅಂಥಲ್ಲಿ ಮಲಗಿ ಎದ್ದು, ಕಡಲ ದಂಡೆಗಿಳಿದು, ಏಡಿ ಹಿಡಿದು ಸುಡುತ್ತಿದ್ದರೇನೋ. ಎಲ್ಲ ಸರಿ. ಆದರೆ ಸಂಜೆ ಏನು ಹಾಡುತ್ತಿದ್ದರು? ಸಸಿ ನೆಡುವವರಿಗೆ ಒಂದು ಹಾಡು, ಭತ್ತ ಕುಟ್ಟುವವರಿಗೆ ಒಂದು ಹಾಡು. ಗದ್ದೆಯೇ ಇಲ್ಲದವರು ಹಾಡನ್ನು ಎಲ್ಲಿಂದ ತಂದಾರು? ಹೀಗೆ ಯೋಚಿಸುತ್ತ ಅವಳು ಚೊಂಬು ಹಿಡಿದು ನಿಂತಲ್ಲೇ ನಿಂತುಬಿಡುತ್ತಿದ್ದಳು.

ಪಥ್ಯ ಶುರುವಾದ ದಿನ ವಿನುತಾ ಅತ್ತೆಗೆ ಒತ್ತಿ ಹೇಳಿದ್ದಳು. ಇದು ನಿಮಗಲ್ಲ, ನೀವು ಗಟ್ಟಿಯಾಗಿದ್ದೀರಿ, ನಿಮಗೆ ಬೇಕಾದಷ್ಟು ಅನ್ನ ಮಾಡಿಕೊಂಡು ಉಣ್ಣಿ ಎಂದು. ಹೊನ್ನಮ್ಮ ಆಗಲಿ ಎಂದಳು. ಮೋಸ ಮಾಡುವ ಮನಸ್ಸಿನಿಂದ ಹೇಳಿದ ಮಾತಲ್ಲ ಅದು.

ಮರುದಿನ ಎಲ್ಲರೂ ಹೊರಟುಹೋದ ಮೇಲೆ ಅವಳು ಎಂದಿನಂತೆ ಡಬ್ಬದ ಮುಂದೆ ಕುಳಿತಳು. ಆ ಕಾರ್ತೀಕದಲ್ಲಷ್ಟೇ ಮನೆಗೆ ಬಂದ ಹೊಸ ಅಕ್ಕಿ. ಕೈ ಒಳಗೆ ಹೋಯಿತು, ಹಿಡಿಯೂ ತುಂಬಿತು. ಯಾರಿಗೆ? ಹರೀಶನಿಗೆ ಬೇಡ. ವಿನುತಾಳಿಗೆ ಬೇಡ. ಹೇಮಾಳಿಗೆ ಬೇಡ. ಬರುವವರಿಗೆಂದು ಮಾತ್ರ ಹಾಕಿದರೆ ಮನೆಯವರಿಗಿಲ್ಲದ ಅನ್ನ ಪರರಿಗಾಯಿತು. ತುಟಿಗೆ ಹೆಸರು ಬರಲಿಲ್ಲ. ಅವಳು ಬಹಳ ಹೊತ್ತು ಹಾಗೆಯೇ ಕುಳಿತಿದ್ದು, ಬೆರಳು ಸಡಿಲಿಸಿ ಅಕ್ಕಿಯನ್ನು ಡಬ್ಬದೊಳಕ್ಕೇ ಜಾರಲು ಬಿಟ್ಟಳು. ಅವರು ತಿಂದು ಬಿಟ್ಟ ಬಂಗಡೆಯ ಒಂದು ತುಂಡು, ಸ್ವಲ್ಪ ಹರಿವೆ ಪಲ್ಯ, ಒಂದು ಲೋಟ ಚಹಾ. ಅಷ್ಟರಲ್ಲಿ ಅವತ್ತಿನ ಮಟ್ಟಿಗೆ ಆಯಿತು ಎಂದುಕೊಂಡಳು. ಮರುದಿನವೂ ಹಾಗೆಯೇ ಆಯಿತು, ಅದರ ಮರುದಿನವೂ.

ಹರೀಶನಿಗೆ ಮೊದಲ ದಿನಗಳು ಕಷ್ಟದವು. ಡಬ್ಬಿಯಲ್ಲಿ ಕಾಯಿಚೂರು, ಬೇಯಿಸಿದ ಮೊಟ್ಟೆ ಹಿಡಿದು ಡಿಪೊಕ್ಕೆ ಹೋದರೆ ಕಂಡಕ್ಟರ್ ನಾಗಪತಿ, "ಎಂತದಾ ಹರೀಶ, ಬಸ್ಸು ಬಿಟ್ಟು ಬೇಟೆಗೆ ಹೊಂಟ್ಯಾ?" ಎಂದು ಕಾಡುತ್ತಿದ್ದ. ತಲೆನೋವು, ಸಿಟ್ಟು, ಭಟ್ಕಳದ ಬಸ್‌ಸ್ಟ್ಯಾಂಡಿನಲ್ಲಿ ಬಿರಿಯಾನಿಯ ಘಮ. ಎಲ್ಲವನ್ನೂ ನುಂಗಿಕೊಂಡ. ಆಮೇಲಾಮೇಲೆ ಮೈ ಹಗುರಾಯಿತು. ದೂರದ ಬೋರ್ಡು ಓದಲು ಬಂತು. ಪರೀಕ್ಷೆಯಲ್ಲಿ ಸಕ್ಕರೆ ಇಳಿದಿತ್ತು. ಅವನು ಚೀಟಿಯನ್ನು ಅವ್ವನ ಮುಂದೆ ಹಿಡಿದಾಗ, ಓದು ಬಾರದ ಹೊನ್ನಮ್ಮ ಅದರ ಮೇಲೆ ಸುಮ್ಮನೆ ಒಮ್ಮೆ ಕೈಯಾಡಿಸಿದಳು.

ಅಲ್ಲಿಂದಾಚೆಗೆ ಅವಳು ಬಾಯಿ ಬಿಡುವ ಮಾತೇ ಇರಲಿಲ್ಲ. ಅವ್ವ ಹಸಿದಿದ್ದಾಳೆಂದು ತಿಳಿದರೆ ಮಗ ಅಂದೇ ಪಥ್ಯವನ್ನು ಬಿಸಾಡಿ ಅವಳ ಜೊತೆ ಅನ್ನಕ್ಕೆ ಕೂರುತ್ತಾನೆ. ಅದು ಅವಳಿಗೆ ಗೊತ್ತಿತ್ತು. ಹೋಗುವಾಗ ಬರುವಾಗ ಮೂವರೂ, "ಉಂಡ್ಯಾ ಅವ್ವಾ?", "ಉಂಡ್ರಾ ಅತ್ತೆ?", "ಉಂಡ್ಯಾ ಅಜ್ಜಿ?" ಎಂದು ಕೇಳುತ್ತಿದ್ದರು. ಅವಳು ಉಂಡೆ ಎನ್ನುತ್ತಿದ್ದಳು. ಪ್ರತಿಯೊಬ್ಬರೂ ತಾವಿಲ್ಲದ ಹೊತ್ತಿನಲ್ಲಿ ಅವಳು ಉಂಡಿರಬೇಕೆಂದು ನಂಬಿ ಬಸ್ಸಿಗೆ ಓಡುತ್ತಿದ್ದರು.

ಹೊನ್ನಮ್ಮನ ಹಗಲುಗಳು ಮೆಲ್ಲಮೆಲ್ಲನೆ ಕನಸಿನ ಹಾಗಾದವು. ಸೊಪ್ಪಿನ ಕಟ್ಟು ಹೊತ್ತು ಮಾರಲು ಕುಮಟೆಯ ಪೇಟೆಗೆ ನಡೆಯುವಾಗ ಕಾಲು ನೆಲಕ್ಕೆ ತಾಗಿದಂತೆಯೇ ಅನ್ನಿಸುತ್ತಿರಲಿಲ್ಲ. ಬಯಲಿನ ಮಂಜು ಅವಳಿಗೆ ಮುಚ್ಚಳ ತೆಗೆದ ಪಾತ್ರೆಯ ಹಬೆಯಾಗಿ ಕಾಣುತ್ತಿತ್ತು. ಕೊಯ್ದ ಗದ್ದೆಯಲ್ಲಿ ಕೂತ ಬೆಳ್ಳಕ್ಕಿಗಳು ಯಾರೋ ಚೆಲ್ಲಿಹೋದ ಅನ್ನದ ಅಗುಳುಗಳಾಗಿದ್ದವು. ಮಧ್ಯಾಹ್ನ ಜಗಲಿಯಲ್ಲಿ ಒರಗಿದರೆ ಪಾಂಡು ಬರುತ್ತಿದ್ದ. ಎರಡೂ ಕಾಲಿನಿಂದ ನೆಟ್ಟಗೆ ನಡೆದು ಬಂದು, ಬಾಳೆಲೆಯ ಮುಂದೆ ಕುಳಿತು, ಬಡಿಸು ಎಂಬಂತೆ ನೋಡುತ್ತಿದ್ದ. ಅವಳು ಸೌಟು ಹುಡುಕುವಷ್ಟರಲ್ಲಿ ಎಚ್ಚರವಾಗುತ್ತಿತ್ತು. ಪಕ್ಕದ ಮನೆಯ ಲಕ್ಕಿ ಅವಳ ಕೈ ಹಿಡಿದು, "ಬಳೆ ಮೊಣಕೈವರೆಗೆ ಓಡ್ತದಲ್ಲೇ ಹೊನ್ನಕ್ಕ, ಮಗನ ಪಥ್ಯ ನಿಂಗೆ ತಾಗ್ತಾ?" ಎಂದಾಗ ಮಾತು ಮರೆಸಿ ಎದ್ದುಬಂದಳು. ಲಕ್ಕಿಯ ಮನೆಯಲ್ಲಿ ಒಂದು ತುತ್ತು ಉಂಡರೂ ಸಂಜೆಯೊಳಗೆ ಅದು ಕೊಪ್ಪದ ಸುದ್ದಿ.

ಮಗನಿಗೆ ಕಾಯಿಲೆ ತಿಳಿದ ದಿನವೇ ಹೊನ್ನಮ್ಮ ಇಡಗುಂಜಿ ಗಣಪತಿಗೆ ಹೇಳಿಕೊಂಡಿದ್ದಳು. ಸಕ್ಕರೆ ಇಳಿಯಿತಲ್ಲ, ಹೋಗಿ ಬರಬೇಕೆಂದಳು. ಒಂದು ಭಾನುವಾರ ಮೂವರಿಗೂ ಬಿಡುವು ಕೂಡಿಬಂತು. ಹೊನ್ನಾವರ ದಾಟಿ, ಶರಾವತಿಯ ಸೇತುವೆ ದಾಟಿ, ತೆಂಗಿನ ನೆರಳಿನ ದಾರಿಯಲ್ಲಿ ಬಸ್ಸು ಸಾಗುವಾಗ ಅವಳು ಮೊಮ್ಮಗಳ ಹೆಗಲಿಗೊರಗಿ ತೂಕಡಿಸುತ್ತಲೇ ಇದ್ದಳು. ಪೂಜೆಯಾಯಿತು. ಪಂಚಕಜ್ಜಾಯವನ್ನು ಹರೀಶ ಕಣ್ಣಿಗೊತ್ತಿಕೊಂಡು ಚಿಟಿಕೆಯಷ್ಟು ಬಾಯಿಗೆ ಹಾಕಿಕೊಂಡ. ಮಧ್ಯಾಹ್ನದ ಪ್ರಸಾದಕ್ಕೆ ಎಲ್ಲರೂ ಸಾಲಿನಲ್ಲಿ ಕುಳಿತರು. ಪ್ರಸಾದವನ್ನು ಬೇಡವೆನ್ನಲಾಗದು. ಹರೀಶ ಒಂದೇ ತುತ್ತು ಹಾಕಿಸಿಕೊಂಡ.

ಬಡಿಸುವವರು ಹೊನ್ನಮ್ಮನ ಎಲೆಗೆ ಅನ್ನ ಹಾಕಿದರು. ಬೆಳ್ಳಗಿನ ಬಿಸಿ ಬೆಳ್ತಿಗೆ ಅನ್ನ, ಅದರ ಮೇಲೆ ಸಾರು. ಅವಳು ಆಚೀಚೆ ನೋಡಿದಳು. ಎಲ್ಲರ ಎಲೆಯಲ್ಲೂ ಅನ್ನವಿತ್ತು. ಯಾರಿಗೆಂದು ಅಳೆದು ಹಾಕಿದ್ದಲ್ಲ, ಬಂದವರಿಗೆಲ್ಲ ಮಾಡಿದ್ದು. ಅವಳ ಕೈ ಇಳಿಯಿತು. ಆಮೇಲೆ ಅವಳಿಗೆ ಸುತ್ತಲಿನ ಸದ್ದು ಕೇಳಿಸಲಿಲ್ಲ. ಮತ್ತೆ ಬಡಿಸಲು ಬಂದಾಗ ಬೇಡವೆನ್ನಲಿಲ್ಲ, ಅದರ ನಂತರ ಬಂದಾಗಲೂ ಎಲೆಯ ಮೇಲೆ ಕೈ ಅಡ್ಡ ಹಿಡಿಯಲಿಲ್ಲ. ಕೊನೆಗೆ ಎಲೆಯಂಚಿನ ಒಂದೊಂದೇ ಅಗುಳನ್ನು ಬೆರಳಿನಿಂದ ಒತ್ತಿ ತೆಗೆದು ತಿಂದಳು.

ಪಕ್ಕದಲ್ಲಿ ಕುಳಿತ ವಿನುತಾ ತನ್ನ ಎಲೆಯನ್ನು ಮರೆತು ನೋಡುತ್ತಿದ್ದಳು. ಊಟವಾಯಿತೇ ಎಂದು ಕೇಳಿ, ಹೌದೆಂದವರ ಮುಖ ನೋಡಿ ನಿಜ ತಿಳಿಯುವುದು ಅವಳ ದಿನನಿತ್ಯದ ಕೆಲಸ. ಮನೆಯಲ್ಲಿ ಮಾತ್ರ ಮುಖ ನೋಡಲು ನಿಂತಿರಲಿಲ್ಲ.

ತಿರುಗಿ ಬರುವಾಗ ಹರೀಶ ಮುಂದೆ ಹೋಗಿ ಪರಿಚಯದ ಡ್ರೈವರನ ಜೊತೆ ಮಾತಿಗೆ ನಿಂತ. ವಿನುತಾ ಅತ್ತೆಯ ಪಕ್ಕಕ್ಕೆ ಸರಿದು ಕುಳಿತಳು.

"ಮನೇಲಿ ನೀವು ಅನ್ನ ಮಾಡೂದೇ ಇಲ್ಲ ಅಲ್ವಾ ಅತ್ತೆ?"

ಬಸ್ಸು ಸೇತುವೆಯ ಮೇಲಿತ್ತು. ಹೊಳೆ ಕಡಲಿಗೆ ಸೇರುವಲ್ಲಿ ಬಿಸಿಲು ಹೊನ್ನಾಗಿ ಹರಡಿತ್ತು. ಹೊನ್ನಮ್ಮ ಅದನ್ನೇ ನೋಡುತ್ತ ಹೇಳಿದಳು, "ಮಾಡೂಕೆ ಅಂತ ಕೂತ್ಕಂತೆ ಮಗಾ. ಯಾರಿಗೆ ಅಂತ ಹಾಕೂದು ತಿಳಿಯೂದಿಲ್ಲ."

"ನಿಮ್ಗೆ ಅಂತ ಹಾಕೂಕೆ ಎಂತ ಆಗ್ತದೆ?"

"ನಂಗೆ ಅಂತ ಹಾಕಿ ರೂಢಿ ಇಲ್ಲ. ನೀವೆಲ್ಲ ಬಿಟ್ಟು ಕೂತಿರುವಾಗ ನಾನೊಬ್ಳೇ ಉಂಡ್ರೆ ಗಂಟಲಲ್ಲಿ ಇಳಿಯೂದಿಲ್ಲ." ಆಮೇಲೆ ಸೊಸೆಯ ಮೊಣಕಾಲಿನ ಮೇಲೆ ಕೈಯಿಟ್ಟಳು. "ಹರೀಶಂಗೆ ಹೇಳ್ಬೇಡ. ಅವ ಬಿಟ್ಟುಬಿಡ್ತ. ಅವ್ನ ಅಪ್ಪನ ಕಾಲು ನೀ ಕಂಡಿಲ್ಲ."

ವಿನುತಾ ಹೇಳುವುದಿಲ್ಲ ಎನ್ನಲಿಲ್ಲ. ಆ ಕೈಯನ್ನು ಕುಮಟೆ ಬರುವವರೆಗೂ ಹಿಡಿದುಕೊಂಡಿದ್ದಳು.

ದೀಪ ಹಚ್ಚುವ ಹೊತ್ತಿಗೆ ಹೊನ್ನಮ್ಮ ಹೊಟ್ಟೆ ತುಂಬಿದ ನಿದ್ದೆಯ ಮಂಪರಿನಲ್ಲಿದ್ದಳು. ಗೋಡೆಯಾಚೆ ಮಾತು ಕೇಳಿಸಿತು. ಹರೀಶ ಪಥ್ಯವೂ ಬೇಡ ಏನೂ ಬೇಡ, ನಾಳೆಯಿಂದ ಅವ್ವನ ಜೊತೆ ತಾನೂ ಉಣ್ಣುವೆನೆಂದ. ಅವಳು ಹೆದರಿದ್ದೇ ಆಯಿತು. ಏಳಬೇಕೆಂದುಕೊಂಡಳು, ಮೈ ಏಳಲಿಲ್ಲ. ಆಗ ವಿನುತಾ ಸಣ್ಣ ದನಿಯಲ್ಲಿ, ನೀವು ಬಿಟ್ಟರೆ ಅತ್ತೆ ಇಷ್ಟು ದಿನ ಹಸಿದದ್ದು ನೀರಿಗೆ ಹೋದಂತೆ ಎಂದಳು. ಮುಂದಿನದು ಅವಳ ನಿದ್ದೆಯಲ್ಲಿ ಕರಗಿಹೋಯಿತು.

ಬೆಳಗಿನ ಜಾವ ಅನ್ನ ಬೇಯುವ ಘಮ ಬಂತು. ಹೊನ್ನಮ್ಮ ಕಣ್ಣು ತೆರೆಯಲಿಲ್ಲ. ತೆರೆದರೆ ಹೋಗಿಬಿಡುವ ಘಮ ಅದೆಂದು ಇಷ್ಟು ದಿನಗಳಲ್ಲಿ ಕಲಿತಿದ್ದಳು. ಆದರೆ ಮುಚ್ಚಳ ಬಿದ್ದ ಸದ್ದು, ಅದರ ಹಿಂದೆಯೇ ಹೇಮಾ ನಕ್ಕ ಸದ್ದು ಕೇಳಿತು.

ಎದ್ದು ಬಂದು ನೋಡಿದರೆ ಹರೀಶ ಖಾಕಿ ಪ್ಯಾಂಟಿನಲ್ಲೇ ಒಲೆಯ ಮುಂದೆ ಕುಕ್ಕರಗಾಲಲ್ಲಿ ಕುಳಿತು ಊದುತ್ತಿದ್ದ. ಹೊಗೆಗೆ ಕಣ್ಣು ಕೆಂಪಾಗಿತ್ತು. ವಿನುತಾ ಕೈಕಟ್ಟಿ ನಿಂತಿದ್ದಳು. ತಾನು ಮುಟ್ಟಬಾರದೆಂದು ಅಪ್ಪಣೆಯಾಗಿದೆಯೆಂದಳು. ನೆಲದ ಮೇಲೆ ನಾಲ್ಕು ತಟ್ಟೆಗಳಿದ್ದವು. ಮೂರರಲ್ಲಿ ಹುರಿದ ತಾರ್ಲೆ ಮೀನು, ಸೊಪ್ಪು, ಮೊಟ್ಟೆ. ನಾಲ್ಕನೆಯದು ಖಾಲಿಯಾಗಿತ್ತು. ಹರೀಶ ಅದಕ್ಕೆ ಅನ್ನ ಹಾಕಿ, ಮೀನುಸಾರು ಹಾಕಿ, "ಕೂತ್ಕ ಅವ್ವಾ," ಎಂದ.

"ನೀವು ಉಂಬೂಕೆ ಮೊದ್ಲು ನಾನಾ? ಎಲ್ಲಾದ್ರೂ ಕಂಡದ್ದಿದ್ಯಾ? ನಿಮ್ದು ಆಗ್ಲಿ."

"ನಾ ಅನ್ನ ಉಂಬೂದಿಲ್ಲ, ಹೆದ್ರಬೇಡ. ಆದ್ರೆ ನೀ ಒಂದು ತುತ್ತು ತಿಂಬವರೆಗೆ ನಾ ಇದನ್ನೂ ಮುಟ್ಟೂದಿಲ್ಲ." ಅವನು ಗಡಿಯಾರ ನೋಡಿದ. "ಭಟ್ಕಳಕ್ಕೆ ಹೋಗೂ ಜನ ಬಸ್‌ಸ್ಟ್ಯಾಂಡಲ್ಲಿ ಕಾಯ್ತಾ ಉಂಟು. ನಾಗಪತಿ ಕೇಳಿದ್ರೆ ನಮ್ಮವ್ವ ಬಸ್ಸು ತಡೆದಳು ಅಂತ ಹೇಳ್ತೆ."

ಹೊನ್ನಮ್ಮ ಕುಳಿತಳು. ಮೂವರೂ ತಂತಮ್ಮ ತಟ್ಟೆಯ ಮುಂದೆ ಕೈ ಕಟ್ಟಿಕೊಂಡು ಅವಳನ್ನೇ ನೋಡುತ್ತಿದ್ದರು. ಹಬ್ಬವಲ್ಲದ ದಿನ, ಸೋಮವಾರದ ಬೆಳಗು. ಇಷ್ಟು ಜನರ ಮುಂದೆ ಮೊದಲ ತುತ್ತು ಎತ್ತುವುದು ಮದುಮಗಳಾಗಿ ಕುಳಿತಂತೆ ನಾಚಿಕೆಯೆನ್ನಿಸಿತು. ತಲೆ ತಗ್ಗಿಸಿ ಕಲಸಿ ಬಾಯಿಗಿಟ್ಟಳು. ಅಡಿ ಸ್ವಲ್ಪ ಹತ್ತಿತ್ತು, ಅಗುಳಿನ ನಡುವೆ ಇನ್ನೂ ಗಟ್ಟಿಯಿತ್ತು. ಅವಳು ನಿಧಾನವಾಗಿ ಅಗಿದು ನುಂಗಿದಳು. ಇಳಿಯಿತು.

ಹರೀಶ ತನ್ನ ತಟ್ಟೆಯ ತಾರ್ಲೆಗೆ ಕೈಹಾಕಿದ.

"ನಾಳೆ ನೀರು ಒಂಚೂರು ಹೆಚ್ಚಿಗೆ ಇಡು," ಎಂದು ಹೊನ್ನಮ್ಮ ಎರಡನೆಯ ತುತ್ತು ಕಲಸಿದಳು.