ಅಕ್ಕ ಕೂರುವಷ್ಟು ಎತ್ತರ

ನಮ್ಮ ಮನೆ ಇರುವುದು ಸಾರಕ್ಕಿ ಕೆರೆಯ ಕಡೆಗೆ ಇಳಿಜಾರಾದ ಜಾಗದಲ್ಲಿ. ಜೋರು ಮಳೆ ಬಂದಾಗಲೆಲ್ಲ ಹಿತ್ತಲ ತೋಟದ ಮಣ್ಣು ಜಾರಿ, ಬಟ್ಟೆ ಒಗೆಯುವ ಕಲ್ಲಿನ ಮೇಲೆ ಬಂದು ಕೂರುತ್ತಿತ್ತು. ಅದನ್ನು ಸಲಿಕೆಯಲ್ಲಿ ಎತ್ತಿ ಎತ್ತಿ ಮೇಲೆ ಹಾಕುವುದು ನನ್ನ ಪಾಲಿನ ಕರ್ಮ. ಕನಕಾಂಬರದ ಬೇರುಗಳು ಕಾಣಿಸತೊಡಗಿದಾಗ, ಅಡ್ಡಲಾಗಿ ಒಂದು ಕಲ್ಲಿನ ಗೋಡೆ ಕಟ್ಟಿಸೋಣ ಅಂದವಳು ಅಕ್ಕ. ಅಷ್ಟು ಹೊತ್ತಿಗೆ ಅವಳ ಕಾಯಿಲೆ ಯಾವ ಔಷಧಕ್ಕೂ ಬಗ್ಗುವುದಿಲ್ಲವೆಂದು ಡಾಕ್ಟರು ನಮ್ಮಿಬ್ಬರಿಗೂ ಹೇಳಿಯಾಗಿತ್ತು.

ಅಮ್ಮ ತೀರಿಕೊಂಡ ಮೇಲೆ ತಂಗಿಯಾದ ನನ್ನನ್ನು ಸಾಕಿದವಳು ಅವಳೇ. ಮದುವೆಯೆಂಬ ತಾಪತ್ರಯ ಇಬ್ಬರಿಗೂ ಒದಗಿ ಬರಲಿಲ್ಲ. ನಾನು ಗಳುವಿನ ಹಾಗೆ ಬೆಳೆದೆ, ಅವಳು ಕುಳ್ಳಗೇ ಉಳಿದಳು. ಈಗ ನೆಲದ ಮೇಲೆ ಕೂತರೆ ಏಳಲಾಗುತ್ತಿರಲಿಲ್ಲ. ಕುರ್ಚಿಯಲ್ಲಿ ಕೂತರೆ ಕಾಲು ನೆಲಕ್ಕೆ ಎಟುಕದೆ ಜೋಮು ಹಿಡಿಯುತ್ತಿತ್ತು.

"ಗೋಡೆ ನಾನು ಕೂತ್ಕೊಳ್ಳೋ ಎತ್ತರಕ್ಕಿರ್ಲಿ. ಅಲ್ಲೇ ಕೂತು ಹೂ ಬಿಡಿಸ್ತೀನಿ, ಅಲ್ಲೇ ಕಟ್ತೀನಿ" ಅಂದಳು.

ಮೇಸ್ತ್ರಿ ಒಪ್ಪಲಿಲ್ಲ. "ಅಷ್ಟು ಗಿಡ್ಡಕ್ಕೆ ಕಟ್ಟಿದ್ರೆ ಮಣ್ಣು ನಿಲ್ಲಲ್ಲ ಅಮ್ಮ. ಇನ್ನೂ ಎರಡು ಸಾಲು ಕಲ್ಲು ಏರಿಸ್ಬೇಕು."

"ಮಣ್ಣು ನಿಂತ್ಕೊಳ್ಳಲಿ ಅಂತ ನಾನೂ ನಿಂತೇ ಇರ್ಬೇಕೇನಪ್ಪಾ?"

ಎತ್ತು ಏರಿಗೆ, ಕೋಣ ನೀರಿಗೆ. ಕೊನೆಗೆ ನಾನೇ ನಡುವೆ ಬಿದ್ದು, ಮೆಟ್ಟಿಲಿನ ಹಾಗೆ ಎರಡು ಗೋಡೆ ಮಾಡೋಣ, ಮುಂದಿನದು ಅಕ್ಕನಿಗೆ, ಹಿಂದಿನದು ಮಣ್ಣಿಗೆ ಅಂದೆ. ಇಬ್ಬರೂ ಒಪ್ಪಿದರು. ಅಕ್ಕನನ್ನು ಕಾಂಪೌಂಡಿಗೆ ಒರಗಿಸಿ ನಿಲ್ಲಿಸಿ, ಬಗ್ಗಿ, ಅವಳ ಮಂಡಿಯ ಮಟ್ಟಕ್ಕೆ ಸೀಮೆಸುಣ್ಣದಲ್ಲಿ ಗೆರೆ ಎಳೆದೆ. "ಕುಳ್ಳೀ, ನಿನ್ನಿಂದ ಎಷ್ಟೊಂದು ಕಲ್ಲು ಉಳೀತು ನೋಡು" ಎಂದು ರೇಗಿಸಿದೆ. ಸಿಕ್ಕಿದ್ದೇ ಸಮಯವೆಂದು ತಲೆಗೆ ಮೊಟಕಿದಳು. ಆ ಕೈಯಲ್ಲಿ ಬಲವೇ ಇರಲಿಲ್ಲ.

ಕೆಲಸ ಮುಗಿದ ಸಂಜೆ ಹೂವಿನ ಬುಟ್ಟಿ, ದಾರ ಹಿಡಿದೇ ಬಂದಳು. ಮೇಸ್ತ್ರಿ ತಡೆದ. "ಈಗ್ಲೇ ಬೇಡ ಅಮ್ಮ, ಸಿಮೆಂಟು ಹಸಿ. ಒಂದು ವಾರ ಕ್ಯೂರಿಂಗ್ ಆಗ್ಲಿ. ಬೆಳಗ್ಗೆ ಸಾಯಂಕಾಲ ನೀರು ಹಾಕಿ. ಆಮೇಲೆ ಎಷ್ಟು ಹೊತ್ತಾದ್ರೂ ಕೂತ್ಕೊಳ್ಳಿ."

ಅಕ್ಕ ಕಲ್ಲಿನ ಮೇಲೆ ಅಂಗೈ ಇಟ್ಟು ನೋಡಿದಳು. ಬುಟ್ಟಿ ಎತ್ತಿಕೊಂಡು ಒಳಗೆ ಹೋದಳು. ಮಾರನೆಯ ದಿನವೇ ಉಸಿರಾಟ ಕಷ್ಟವಾಗಿ ಅವಳನ್ನು ಆಸ್ಪತ್ರೆಗೆ ಸೇರಿಸಬೇಕಾಯಿತು.

ಆಸ್ಪತ್ರೆಗೂ ಮನೆಗೂ ಓಡಾಡುತ್ತಲೇ, ಗೋಡೆಗೆ ಹೊದಿಸಿದ್ದ ಗೋಣಿಚೀಲಗಳನ್ನು ತೋಯಿಸುತ್ತಿದ್ದೆ. ನನ್ನ ಮುಖ ಕಂಡ ಕೂಡಲೇ ಅವಳ ಮೊದಲ ಮಾತು, "ನೀರು ಹಾಕಿದ್ಯಾ?" ಒಂದು ಬೆಳಗ್ಗೆ ಕೇಳಲಿಲ್ಲ. "ನೀರು ಹಾಕಿ ಬಂದೆ ಅಕ್ಕ" ಎಂದು ನಾನೇ ಹೇಳಿದೆ. ಅವಳು ಕಣ್ಣು ತೆರೆಯಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಹೋಗಿಬಿಟ್ಟಳು.

ಒಂದು ಗಳಿಗೆ ಕೂತಿದ್ದರೆ ಯಾವ ಗೋಡೆ ಬಿದ್ದುಹೋಗುತ್ತಿತ್ತು? ಒಣಗಿ ಕಡ್ಡಿಯಾಗಿದ್ದಳು, ಅವಳಲ್ಲಿ ತೂಕವಾದರೂ ಎಲ್ಲಿತ್ತು? ಮೇಸ್ತ್ರಿಯ ಮೇಲೂ ಸಿಮೆಂಟಿನ ಮೇಲೂ ನನಗೆ ಇವತ್ತಿಗೂ ಸಿಟ್ಟಿದೆ. ಆ ಸಿಟ್ಟಿನಲ್ಲಿ ನ್ಯಾಯವಿಲ್ಲವೆಂದು ಗೊತ್ತು, ಗೊತ್ತಿದ್ದರೂ ಹೋಗುವುದಿಲ್ಲ.

ತಿಥಿಯ ದಿನ ಊಟ ಮುಗಿಸಿ ಹಿತ್ತಲಿಗೆ ಬಂದ ಸೋದರಮಾವ, ಎಲೆಯಡಿಕೆ ಮೆಲ್ಲುತ್ತ ಆ ಮುಂದಿನ ಗೋಡೆಯ ಮೇಲೆ ಕೂತರು. ಅವರ ಮಂಡಿ ಎದೆಯ ಹತ್ತಿರಕ್ಕೆ ಬಂತು.

"ಏನಮ್ಮಾ, ಇಷ್ಟು ಗಿಡ್ಡ ಕಟ್ಟಿಸಿದ್ದೀಯ? ಇದ್ರ ಮೇಲೆ ಯಾರಿಗೆ ಕೂತ್ಕೊಳ್ಳಕ್ಕಾಗುತ್ತೆ?"

"ಎದ್ದೇಳಿ ಮಾವ" ಅಂದೆ. ದನಿ ಜೋರಾಗಿಯೇ ಇತ್ತು. "ಅದಿನ್ನೂ ಹಸಿ."

ಅವರು ಪಂಚೆ ಕೊಡವಿಕೊಂಡು ಎದ್ದರು. ಗೋಡೆ ಆಗಲೇ ಒಣಗಿ ಗಟ್ಟಿಯಾಗಿತ್ತು. ಎಲ್ಲರೂ ನೋಡುತ್ತಿದ್ದಂತೆ ನಾನು ಬಕೆಟ್ಟಿನಲ್ಲಿ ನೀರು ತಂದು ಅದರ ಮೇಲೆ ಸುರಿದೆ.