ಎರಡೂ ಕೈ ನೋಡಿ

ನಮ್ಮ ಆಸ್ಪತ್ರೆಯ ನೆಲಮಾಳಿಗೆಯಲ್ಲಿ, ಲಾಂಡ್ರಿ ಪಕ್ಕದ ಕೋಣೆಯಲ್ಲಿ ಮೂವತ್ತೊಂದು ವರ್ಷ ಕೂತು ಬಿ.ಪಿ. ಮೆಷಿನ್ ರಿಪೇರಿ ಮಾಡಿದವರನ್ನು ನಾವೆಲ್ಲ ಪಾದರಸ ಅಣ್ಣ ಅನ್ನುತ್ತಿದ್ದೆವು. ಚುರುಕಾಗಿದ್ದಾರೆ ಅಂತ ಇಟ್ಟ ಹೆಸರಲ್ಲ. ಅಲ್ಲಿಂದ ನಮ್ಮ ಎಮರ್ಜೆನ್ಸಿ ವಾರ್ಡಿಗೆ ಎರಡು ಮಹಡಿ ಹತ್ತಲು ಅವರಿಗೆ ಕಾಲು ಗಂಟೆ ಬೇಕಿತ್ತು. ಮೆಷಿನ್ನಿನ ಗಾಜಿನ ಕೊಳವೆಗೆ ಪಾದರಸ ತುಂಬುವವರು ಅವರು, ಅಷ್ಟೇ. ಊಟದ ಡಬ್ಬಿಯನ್ನೂ ಸ್ಕ್ರೂ ಡಬ್ಬಿಯನ್ನೂ ಒಟ್ಟಿಗೆ ಇಟ್ಟುಕೊಂಡು ಒಂದು ದಿನ ವಾಷರ್ ಅಗಿದವರು. "ಸ್ವಲ್ಪ ಉಪ್ಪು ಕಮ್ಮಿ ಇತ್ತು" ಅಂತ ತಾವೇ ಹೇಳಿ ನಕ್ಕಿದ್ದರು.

ಜಗಳ ಅವರಿಗೆ ಆಗದು. ವಾರ್ಡಿನಿಂದ ಮೆಷಿನ್ ಹೋದರೆ ಅದರ ಹಿಡಿಗೆ ನಾವು ಒಂದು ರಟ್ಟಿನ ಚೀಟಿ ಕಟ್ಟುತ್ತಿದ್ದೆವು, ಏನು ಕೆಟ್ಟಿದೆ ಅಂತ. ಎಷ್ಟೋ ಸಲ ಏನೂ ಕೆಟ್ಟಿರುತ್ತಿರಲಿಲ್ಲ. ಶುರುವಿನ ವರ್ಷಗಳಲ್ಲಿ ಅವರು 'ದೋಷವಿಲ್ಲ' ಅಂತ ಬರೆದು ಕಳಿಸಿದರೆ ಸಿಸ್ಟರ್‌ಗಳು ಕೆಳಗಿಳಿದು ಹೋಗಿ ಮುಖದ ನೀರಿಳಿಸುತ್ತಿದ್ದರಂತೆ: "ಹಾಗಾದ್ರೆ ನಾವು ಸುಳ್ಳು ಹೇಳ್ತೀವಾ?" ಅಂತ. ಆಮೇಲೆ ಅವರು ಒಂದು ದಾರಿ ಕಂಡುಕೊಂಡರು. ಕೆಟ್ಟಿರಲಿ ಬಿಡಲಿ, ಒಂದು ಹೊಸ ರಬ್ಬರ್ ಕೊಳವೆ ಹಾಕಿ, ಚೀಟಿಯ ಹಿಂದೆ 'ಸರಿಮಾಡಲಾಗಿದೆ' ಅಂತ ಬರೆದುಬಿಡುವುದು. ಸಿಸ್ಟರ್‌ಗಳೂ ಖುಷಿ, ಅವರೂ ಖುಷಿ.

ಇದನ್ನು ಬರೆಯುತ್ತಿರುವ ನಾನು ಆ ವಾರ್ಡಿನ ಹಿರಿಯ ಸಿಸ್ಟರ್. ನಾನು ಒಳ್ಳೆಯವಳು ಅಂತ ಹೇಳಿಕೊಳ್ಳಲು ಬರೆಯುತ್ತಿಲ್ಲ.

ಒಂದು ಬೆಳಗ್ಗೆ ಹತ್ತು ಗಂಟೆಗೆ ಒಬ್ಬ ದರ್ಜಿಯನ್ನು ಸ್ಟ್ರೆಚರ್ ಮೇಲೆ ತಂದರು. ವಯಸ್ಸು ಐವತ್ತರ ಆಸುಪಾಸು. ಎಡಗೈ, ಎಡಗಾಲು ಸ್ವಾಧೀನ ತಪ್ಪಿ ಬಿದ್ದುಹೋಗಿದ್ದವು, ಬಾಯಿ ಸೊಟ್ಟಗಾಗಿತ್ತು. ಸ್ಟ್ರೋಕ್ ಅನ್ನುವುದಕ್ಕೆ ಡಾಕ್ಟರೇ ಬೇಕಿರಲಿಲ್ಲ. ಇಂಥವರಿಗೆ ಮಿದುಳಿನಲ್ಲಿ ಹೆಪ್ಪುಗಟ್ಟಿದ ರಕ್ತ ಕರಗಿಸುವ ಇಂಜೆಕ್ಷನ್ ಇದೆ, ಕೆಲವೇ ಗಂಟೆಗಳ ಗಡುವಿನೊಳಗೆ ಕೊಡಬೇಕು. ಎಲ್ಲರೂ ಓಡುತ್ತಿದ್ದೆವು. ನಾನು ಬಲಗೈಗೆ ಪಟ್ಟಿ ಸುತ್ತಿ ಬಿ.ಪಿ. ನೋಡಿದೆ. ಎಂಬತ್ತು. ಆ ವಾರವೆಲ್ಲ ಆ ಮೆಷಿನ್ ಮೇಲೆ ನನಗೆ ಅನುಮಾನವಿತ್ತು. ಅದೇ ಪಟ್ಟಿ ಎಡಗೈಗೆ ಸುತ್ತಿದೆ. ನೂರ ಅರವತ್ತು.

"ಹಾಳು ಮೆಷಿನ್" ಅಂದೆ. ಬೇರೆ ಮೆಷಿನ್ ತರಿಸಿ ಮತ್ತೆ ಎಡಗೈಯನ್ನೇ ನೋಡಿದೆ. ಆಗಲೂ ನೂರ ಅರವತ್ತು. ಅದನ್ನಷ್ಟೇ ಬರೆದುಕೊಂಡೆ. ಹಳೆಯದಕ್ಕೆ ಚೀಟಿ ಕಟ್ಟಿದೆ: 'ಒಂದೊಂದು ಸಲ ಒಂದೊಂದು ತೋರಿಸುತ್ತದೆ.' ಹೊಸ ಮೆಷಿನ್ನಿನ ಪಟ್ಟಿಯನ್ನು ಬಲಗೈಗೆ ಸುತ್ತಬೇಕು ಅಂತ ನನಗೆ ಹೊಳೆಯಲಿಲ್ಲ. ಬಲಗೈಯ ನಾಡಿ ಹಿಡಿದಿದ್ದರೂ ಸಾಕಿತ್ತು.

ದರ್ಜಿಯ ಹೆಂಡತಿ ನನ್ನ ಬೆನ್ನ ಹಿಂದೆಯೇ ಇದ್ದರು. "ಸಿಸ್ಟರ್, ಮೊದಲು ಎದೆ ಹಿಡ್ಕೊಂಡ್ರು. ಬೆನ್ನೊಳಗೆ ಬಟ್ಟೆ ಹರಿದ ಹಾಗಾಯ್ತು ಅಂದ್ರು. ಕೈ ಬಿದ್ದಿದ್ದು ಆಮೇಲೆ."

"ಅದೆಲ್ಲ ಆಮೇಲೆ ಹೇಳಿ, ಅಮ್ಮಾ. ಜಾಗ ಬಿಡಿ."

"ನೈಟೀಲಿ ಹೇಗೆ ಬರೋದು ಅಂತ ಬಟ್ಟೆ ಬದಲಾಯಿಸಿದೆ ಸಿಸ್ಟರ್. ಐದು ನಿಮಿಷ ಆಯ್ತು. ಅದರಿಂದ ಏನಾದ್ರೂ...?"

ನಾನು ತಿರುಗಿ ಕೂಡ ನೋಡಲಿಲ್ಲ. "ಸ್ಟ್ರೋಕ್ ಆದಾಗ ಒಂದೊಂದು ನಿಮಿಷಾನೂ ಲೆಕ್ಕ, ಅಮ್ಮಾ" ಅಂದೆ. ದಿನಕ್ಕೆ ಹತ್ತು ಸಲ ಹೇಳುವ ಮಾತು ಅದು.

ತಲೆಯ ಸ್ಕ್ಯಾನಿನಲ್ಲಿ ರಕ್ತಸ್ರಾವ ಇರಲಿಲ್ಲ. ಇಂಜೆಕ್ಷನ್ ಕೊಟ್ಟೆವು. ಮುಕ್ಕಾಲು ಗಂಟೆಯಲ್ಲಿ ದರ್ಜಿ ತೀರಿಹೋದರು.

ಹತ್ತು ದಿನದ ನಂತರ ದೊಡ್ಡ ಡಾಕ್ಟರು ನಮ್ಮನ್ನೆಲ್ಲ ಕೂರಿಸಿಕೊಂಡು ಮರಣೋತ್ತರ ಪರೀಕ್ಷೆಯ ವರದಿ ಓದಿದರು. ಹೃದಯದಿಂದ ಹೊರಡುವ ದೊಡ್ಡ ರಕ್ತನಾಳದ ಒಳಪದರ ಸೀಳಿತ್ತು. ರಕ್ತ ಎರಡು ಪದರಗಳ ನಡುವೆ ನುಗ್ಗಿ, ಬಲಗೈಗೂ ಮಿದುಳಿನ ಬಲಭಾಗಕ್ಕೂ ಹೋಗುವ ಕವಲನ್ನು ಒತ್ತಿ ಮುಚ್ಚಿತ್ತು. ಸ್ಟ್ರೋಕ್ ಬಂದದ್ದು ಅದರಿಂದ. ಕರಗಿಸಲು ಅಲ್ಲಿ ಹೆಪ್ಪೇ ಇರಲಿಲ್ಲ. ನಾವು ಕೊಟ್ಟ ಇಂಜೆಕ್ಷನ್‌ನಿಂದ ಆ ಸೀಳಿನ ರಕ್ತ ನಿಲ್ಲದೆ ಹೃದಯದ ಸುತ್ತ ತುಂಬಿಕೊಂಡಿತ್ತು.

"ಇಂಥವರಿಗೆ ಎರಡು ಕೈಯ ಬಿ.ಪಿ. ಬೇರೆ ಬೇರೆ ಇರಬಹುದು" ಅಂದರು ಡಾಕ್ಟರು. "ಬಲಗೈದು ಯಾರಾದರೂ ನೋಡಿದ್ರಾ?"

ನಾನು ಎದ್ದು ನಿಂತೆ. "ನೋಡಿದೆ ಸರ್. ಎಂಬತ್ತು ಬಂತು. ಆದರೆ ಮೆಷಿನ್ ಕೆಟ್ಟಿತ್ತು, ರಿಪೇರಿ ಆಗಿ ಬಂದಿದೆ." ಚೀಟಿ ತಂದು ತೋರಿಸಿದೆ. ಅವರು ತಿರುಗಿಸಿ 'ಸರಿಮಾಡಲಾಗಿದೆ' ಓದಿ, ಹಾಗಾದರೆ ಸರಿ ಅಂದರು. ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಪಾರಾದೆ.

ಆ ಮಧ್ಯಾಹ್ನ ಸಭೆಯ ಸುದ್ದಿ ಕೇಳಿ ಪಾದರಸ ಅಣ್ಣ ಏದುಸಿರು ಬಿಡುತ್ತ ಮೇಲೆ ಬಂದರು. "ಸಿಸ್ಟರ್, ಆ ಮೆಷಿನ್ ಕೆಟ್ಟಿರಲಿಲ್ಲ. ನನ್ನ ಎರಡೂ ಕೈಗೆ ಕಟ್ಟಿ ನೋಡಿದ್ದೆ, ಲಾಂಡ್ರಿ ಅಕ್ಕನ ಕೈಗೂ ಕಟ್ಟಿದ್ದೆ. ಸರಿಯಾಗೇ ಇತ್ತು. ಅಭ್ಯಾಸಬಲ, ಹಾಗೆ ಬರೆದುಬಿಟ್ಟೆ. ಡಾಕ್ಟರಿಗೆ ಹೇಳ್ಬೇಕು."

ನಾನು ಅವರ ಕೈ ಹಿಡಿದುಕೊಂಡೆ. "ಅಣ್ಣಾ, ಬೇಡ. ನನ್ನ ಮಕ್ಕಳಿನ್ನೂ ಸ್ಕೂಲಲ್ಲಿವೆ. ಹೋದ ಜೀವ ಬರಲ್ಲ. ನಮ್ಮಿಬ್ಬರಲ್ಲೇ ಇರಲಿ."

ಅವರು ಒಂದೇ ಮಾತು ಕೇಳಿದರು: "ಆ ದರ್ಜಿ ಮನೆಯವರಿಗೆ?" ನಾನು ವಾರ್ಡಿನೊಳಗೆ ನಡೆದೆ. ಅವರು ಕೆಳಗಿಳಿದು ಹೋದರು.

ಮುಂದಿನ ವಾರದಿಂದ ನೆಲಮಾಳಿಗೆಯಿಂದ ಬಂದ ಪ್ರತಿ ಮೆಷಿನ್ನಿನ ಹಿಡಿಯಲ್ಲೂ ತಗಡಿನ ಚೂರೊಂದು ತೂಗುತ್ತಿತ್ತು. ಮೊಳೆಯಿಂದ ಗೀಚಿದ ಅಕ್ಷರ: 'ಎರಡೂ ಕೈ ನೋಡಿ. ಬೇರೆ ಬೇರೆ ಬಂದರೆ ಡಾಕ್ಟರನ್ನು ಕರೆಯಿರಿ. ನನ್ನನ್ನು ಆಮೇಲೆ.' ವಾರ್ಡಿನ ಹುಡುಗಿಯರು ಬಿದ್ದು ಬಿದ್ದು ನಕ್ಕರು. "ಮೂರನೇ ಕೈ ಇದ್ರೆ ಏನ್ಮಾಡೋದು ಅಣ್ಣಾ?" ಅಂದರೆ, "ಅದನ್ನೂ ನೋಡಿ" ಅನ್ನುತ್ತಿದ್ದರು. ಅವರು ಮಾತ್ರ ನಗುತ್ತಿರಲಿಲ್ಲ. 'ಸರಿಮಾಡಲಾಗಿದೆ' ಅಂತ ಮತ್ತೆ ಬರೆಯಲೂ ಇಲ್ಲ. ಸಿಸ್ಟರ್‌ಗಳು ಬೈದರೂ 'ದೋಷವಿಲ್ಲ' ಅಂತಲೇ ಬರೆದರು.

ನನಗೆ ಪಟ್ಟಿ ಬಿಚ್ಚುವಾಗಿನ ಚರ್ರ್ ಸದ್ದು ಕೇಳಿದರೆ ಸಾಕು, ಬೆನ್ನ ಹಿಂದೆ ಆ ಹೆಂಗಸು ನಿಂತ ಹಾಗೆ ಆಗುತ್ತಿತ್ತು. ಬಟ್ಟೆ ಹರಿದ ಹಾಗಾಯ್ತು ಅಂದ್ರು, ಸಿಸ್ಟರ್. ದಿನಕ್ಕೆ ಐವತ್ತು ಸಲ ಪಟ್ಟಿ ಬಿಚ್ಚುವ ಕೆಲಸ ನನ್ನದು. ಆರು ವರ್ಷ ಹೀಗೇ ಕಳೆಯಿತು.

ಆರನೇ ವರ್ಷದ ಕೊನೆಗೆ ಅಂಚೆ ಕಚೇರಿಯ ಗುಮಾಸ್ತೆಯೊಬ್ಬರನ್ನು ತಂದರು. ಎಡಭಾಗ ಬಿದ್ದುಹೋಗಿತ್ತು. ಇಂಜೆಕ್ಷನ್ ಸಿರಿಂಜಿಗೆ ಎಳೆದಾಗಿತ್ತು. ಹೊಸ ಸಿಸ್ಟರ್ ಗೊಣಗಿದಳು: "ಮೆಷಿನ್ ಕೆಟ್ಟಿದೆ ಮೇಡಂ. ಬಲಗೈಗೆ ಎಪ್ಪತ್ತೈದು, ಎಡಗೈಗೆ ನೂರ ಐವತ್ತು." ಚೀಟಿ ಕಟ್ಟಲು ಹಿಡಿಗೆ ಕೈಹಾಕಿದವಳು ತಗಡು ಓದಿ ಸುಮ್ಮನಾದಳು.

"ನಿಲ್ಲಿಸಿ!" ಅಂತ ನಾನು ಕೂಗಿದ್ದು ಲಾಂಡ್ರಿಯವರೆಗೂ ಕೇಳಿರಬೇಕು. ಓಡಿಹೋಗಿ ಬಲಗೈಯ ನಾಡಿ ಹಿಡಿದೆ. ಸಿಗಲೇ ಇಲ್ಲ. "ಬೆನ್ನು ನೋಯ್ತಾ ಇತ್ತಾ?" ಅಂತ ಕೇಳಿದರೆ ಸೊಟ್ಟ ಬಾಯಲ್ಲೇ ಹೂಂ ಅಂದರು. ಎದೆಯ ಸ್ಕ್ಯಾನಿನಲ್ಲಿ ಅದೇ ಸೀಳು. ಇಂಜೆಕ್ಷನ್ ಕೊಡದೆ ಆಪರೇಷನ್‌ಗೆ ಒಯ್ದರು. ಎರಡು ತಿಂಗಳ ಮೇಲೆ ಆಕೆ ಕೋಲೂರಿಕೊಂಡು ಬಂದು ನಮಗೆಲ್ಲ ಕೈಮುಗಿದರು.

ಆವತ್ತು ನಾನು ಕುಣಿಯುತ್ತ ನೆಲಮಾಳಿಗೆಗೆ ಹೋಗಿ ಹೇಳಿದೆ. ಪಾದರಸ ಅಣ್ಣನ ಕಣ್ಣು ತುಂಬಿತು. ಅವರ ನಿವೃತ್ತಿಗೆ ಇನ್ನು ಮೂರು ವಾರ ಉಳಿದಿತ್ತು. ಸ್ಕ್ರೂಗಳನ್ನು ಡಬ್ಬಿಗೆ ಹಾಕುತ್ತ ಮತ್ತೆ ಅದನ್ನೇ ಕೇಳಿದರು: "ಆ ದರ್ಜಿ ಮನೆಯವರಿಗೆ, ಸಿಸ್ಟರ್?"

ಮರುದಿನ ಬೆಳಗ್ಗೆ ದೊಡ್ಡ ಡಾಕ್ಟರಿಗೆ ನಡೆದದ್ದನ್ನೆಲ್ಲ ಇಬ್ಬರೂ ಬರೆದುಕೊಟ್ಟೆವು. ಸಂಜೆ ದರ್ಜಿಯ ಮನೆಗೆ ಹೋದೆವು. ಮೂರನೇ ಮಹಡಿ. ಅಣ್ಣ ಪ್ರತಿ ತಿರುವಿನಲ್ಲೂ ನಿಂತು ಹತ್ತಿದರು.

ಬಾಗಿಲು ತೆಗೆದ ಹೆಂಗಸು ಇಸ್ತ್ರಿ ಮಾಡಿದ ಬಟ್ಟೆ ತೊಟ್ಟು, ತಲೆ ಬಾಚಿಕೊಂಡಿದ್ದರು. ಚಪ್ಪಲಿ ಹೊಸ್ತಿಲ ಒಳಗೇ ಜೋಡಿಸಿಟ್ಟಿತ್ತು.

"ಎಲ್ಲಿಗೋ ಹೊರಟಿದ್ರಾ?" ಅಂದೆ.

"ಇಲ್ಲ." ನನ್ನ ಗುರುತು ಅವರಿಗೆ ತಕ್ಷಣ ಸಿಕ್ಕಿತು. ಒಳಗೆ ಕರೆಯಲಿಲ್ಲ.

ಅಣ್ಣನೇ ಮೊದಲು ಬಾಯಿಬಿಟ್ಟರು. "ಮೆಷಿನ್ ಕೆಟ್ಟಿರಲಿಲ್ಲ, ಅಮ್ಮಾ. ಸರಿಮಾಡಿದೆ ಅಂತ ಸುಳ್ಳು ಬರೆದವನು ನಾನು." ಉಳಿದದ್ದನ್ನು ನಾನು ಹೇಳಿದೆ. ಎಂಬತ್ತು, ನೂರ ಅರವತ್ತು, ಇಂಜೆಕ್ಷನ್, ಎಲ್ಲ.

"ಬೆನ್ನು ಅಂತ ಹೇಳಿದ್ದೆ" ಅಂದರು ಆಕೆ.

"ಹೇಳಿದ್ರಿ. ನಾನು ಕೇಳಿಸಿಕೊಳ್ಳಲಿಲ್ಲ."

ಅವರು ಬಾಗಿಲ ಚೌಕಟ್ಟು ಹಿಡಿದುಕೊಂಡರು. "ಹಾಗಾದ್ರೆ ನಾನು ಬಟ್ಟೆ ಬದಲಾಯಿಸಿದ್ದರಿಂದ ಅಲ್ವಾ?"

"ಅಲ್ಲಮ್ಮಾ. ನೀವು ನೈಟೀಲೇ ಓಡಿ ಬಂದಿದ್ರೂ ನಾನು ಅದನ್ನೇ ಮಾಡ್ತಿದ್ದೆ."

"ಆವತ್ತಿಂದ ಹೀಗೇ ಮಲಗ್ತೀನಿ" ಅಂದರು, ತಮ್ಮ ಮೈಮೇಲಿನ ಬಟ್ಟೆಯನ್ನು ಮುಟ್ಟಿ. "ಹೊರಗೆ ಹೋಗೋ ಬಟ್ಟೇಲೇ. ಯಾರಿಗೆ ಏನಾದ್ರೂ ತಕ್ಷಣ ಹೊರಡ್ಬೇಕಲ್ಲ ಅಂತ. ನೈಟಿಗಳೆಲ್ಲ ಬೀರುವಿನಲ್ಲೇ ಬಿದ್ದಿವೆ. ಆರು ವರ್ಷ."

ಕ್ಷಮಿಸಿದೆ ಅನ್ನಲಿಲ್ಲ, ಬೈಯಲೂ ಇಲ್ಲ. ಬಾಗಿಲು ಮೆಲ್ಲಗೆ ಮುಚ್ಚಿಕೊಂಡಿತು. ಪಾದರಸ ಅಣ್ಣ ಅಲ್ಲೇ ಮೆಟ್ಟಿಲ ಮೇಲೆ ಕುಳಿತುಬಿಟ್ಟರು. ಅವರನ್ನು ಎಬ್ಬಿಸಲು ಕೈ ಚಾಚಿದೆ. ಅಷ್ಟರಲ್ಲಿ ಒಳಗೆ, ಬಟ್ಟೆಯ ಬೀರು ತೆರೆದ ಸದ್ದು ಕೇಳಿಸಿತು.