ಬೆನ್ನ ಹಿಂದಿನ ಕೈ

ದವಾಖಾನಿ ಎಮರ್ಜೆನ್ಸಿಯ ಹಿರೇ ಡಾಕ್ಟರ ರಾವಸಾಹೇಬರ ಮ್ಯಾಲ ನನಗ ಇನ್ನೂ ಸಿಟ್ಟೈತಿ. ಎಂಥಾ ಪೇಶಂಟ್ ಬರಲಿ, ಈ ಮನುಷ್ಯಾ ಎರಡೂ ಕೈ ಬೆನ್ನ ಹಿಂದ ಕಟ್ಟಿಕೊಂಡು ಮದುವಿಗೆ ಬಂದ ಬೀಗರಂಗ ನಿಂದರತಾರ. ಕೆಲಸೆಲ್ಲಾ ಮೊನ್ನೆ ಮೊನ್ನೆ ಪಾಸಾದ ಡಾಕ್ಟರಗಳದ್ದು. ಅವರು ತಪ್ಪಿದರ ‘ಮಗಾ, ಮತ್ತ ನೋಡು’ ಅಂತಾರ, ಒದರೋ ನಮ್ಮಂಥವರಿಗೆ ‘ಗಪ್ ನಿಂದರ್ರಿ’ ಅಂತಾರ. ಕಬ್ಬಿನಾಗ ಹಾವು ಕಡಿದು ನನ್ನ ಹೆಂಡತಿ ಲಕ್ಕವ್ವನ ಉಸಿರು ನಿಲ್ಲಾಕತ್ತಿತ್ತು. ಗಂಟಲಿಗೆ ನಳಿಗಿ ಹಾಕೋ ಹೊಸ ಡಾಕ್ಟರ ಸೋನಾಲಿ ಒಮ್ಮೆ ಹಾಕಾಕ ಹೋಗಿ ಹೊರಗ ತಗದಳು. ‘ನಿಮ್ಮ ಕೈಗೇನು ಲಕ್ವಾ ಹೊಡದೈತೇನ್ರಿ?’ ಅಂತ ರಾವಸಾಹೇಬರಿಗೆ ಬೈಕೋತ ಅವರ ಬೆನ್ನ ಹಿಂದ ಹೋದೆ. ಕಟ್ಟಿದ ಕೈಗೆ ಗ್ಲೌಸ್ ಹಾಕಿದ್ರು, ಸೋನಾಲಿಗೆ ಕಾಣದಂಗ ಇನ್ನೊಂದು ನಳಿಗಿ ತಯಾರ ಹಿಡದಿದ್ರು. ಅದು ಬೇಕಾಗಲಿಲ್ಲ, ಸೋನಾಲಿನೇ ನಳಿಗಿ ಹಾಕಿದಳು, ಲಕ್ಕವ್ವ ಉಳಿದಳು. ಆ ಕೈ ಮೊದಲ ತೋರಿಸಿದ್ರ ನಾ ಬೈತಿದ್ನೇನ್ರಿ? ‘ತಪ್ಪಾತ್ರಿ’ ಅನ್ನೋ ಒಂದು ಮಾತು ಅವರಿಗೆ ಹೇಳೂದೈತಿ, ಇನ್ನೂ ಹೇಳಿಲ್ಲ.